ಹೇಗೆ ಬಂತು? ಯಾರು ತಂದರು?

ಊರಿಗೆ ದೊಡ್ಡ ಜಾಡ್ಯ ಬಂದಾಗ ಜನ ಕೇಳುವ ಪ್ರಶ್ನೆಗಳು ಎರಡು. ಇದು ಹೇಗೆ ಬಂತು ಎಂಬುದು ಒಂದು. ಇದನ್ನು ಯಾರು ತಂದರು ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ಎಂಬಂತೆ ಕಾಣುತ್ತವೆ. ಮೊದಲನೆಯದನ್ನು ಕೇಳುತ್ತ ಕೇಳುತ್ತ ನಾಲಗೆ ತಾನಾಗಿಯೇ ಎರಡನೆಯದಕ್ಕೆ ಹೊರಳಿಬಿಡುತ್ತದೆ. ಆದರೆ ಅವೆರಡರ ನಡುವಣ ಅಂತರ ಸಣ್ಣದಲ್ಲ. ಮೊದಲನೆಯದು ದಾರಿಯನ್ನು ಹುಡುಕುವ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದರೆ ಕೈ ತೊಳೆಯಬಹುದು, ಮೂಗುಬಾಯಿಗೆ ಬಟ್ಟೆ ಕಟ್ಟಬಹುದು, ಆಸ್ಪತ್ರೆಯ ಮೊಗಸಾಲೆಯಲ್ಲಿ ಜನ ಕಿಕ್ಕಿರಿಯದಂತೆ ನೋಡಿಕೊಳ್ಳಬಹುದು. ಎರಡನೆಯದು ಆಳನ್ನು ಹುಡುಕುವ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದರೆ ಯಾವುದೋ ಒಂದು ಮನೆಯವರು ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ, ಇಷ್ಟೆ.

ಇದು ವೈದ್ಯರ ಮಾತು, ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರು ಉಂಟು. ಕೆಲಸ ಇದೆ ಎಂದೇ ನನ್ನ ನಂಬಿಕೆ. ವೈರಾಣು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಮೊದಲು ತಲಪುವುದು ಕಥೆಯ ರೂಪದಲ್ಲಿ: ಇಂಥವರು ಇಂಥ ಊರಿಗೆ ಹೋಗಿದ್ದರಂತೆ, ಇಂಥದನ್ನು ತಿಂದರಂತೆ, ಇಂಥವರ ಪಕ್ಕದಲ್ಲಿ ಕುಳಿತರಂತೆ, ಮೂರನೆಯ ದಿನ ಜ್ವರ ಬಂತಂತೆ. ಈ 'ಅಂತೆ'ಗಳೆಲ್ಲ ಕೂಡಿ ಒಂದು ಕಥೆಯಾಗುತ್ತದೆ. ಕಥೆಗೆ ಒಬ್ಬ ನಾಯಕನೋ ಖಳನೋ ಇರಲೇಬೇಕೆಂದು ಮನಸ್ಸು ಬಯಸುತ್ತದೆ. ರೋಗ ಹರಡುವ ಬಗೆಯನ್ನು ಹೇಳುವುದು ಹೀಗೆ ನಿರೂಪಣೆಯ ಸಮಸ್ಯೆಯೂ ಹೌದು. ನಿರೂಪಣೆ ಎಂದ ಮೇಲೆ ಅಲ್ಲಿ ಔಚಿತ್ಯ, ಅನೌಚಿತ್ಯಗಳ ವಿಚಾರ ಬಂದೇ ಬರುತ್ತದೆ. ವಿಮರ್ಶಕನಿಗೆ ಅಷ್ಟು ಎಡೆ ಸಾಕು.

ಈ ಬಗೆಯ ಕಥನವನ್ನು ನಾವೆಲ್ಲರೂ ಓದಿದ್ದೇವೆ. 2020ರ ಬೇಸಗೆಯಲ್ಲಿ ಕೊರೋನಾ ಕುರಿತು ನಮ್ಮ ರಾಜ್ಯ ಸರ್ಕಾರ ದಿನವೂ ಹೊರಡಿಸುತ್ತಿದ್ದ ಪ್ರಕಟಣೆಯನ್ನು ವಾಚಕರು ಮರೆತಿರಲಾರರು. ಅದರಲ್ಲಿ ರೋಗಿಗೆ ಹೆಸರಿಲ್ಲ, ಸಂಖ್ಯೆ ಉಂಟು. ಇಂಥ ಸಂಖ್ಯೆಯವರು ಇಂಥ ಸಂಖ್ಯೆಯವರ ಸಂಪರ್ಕ ಎಂಬ ಒಂದು ಸಾಲು ಉಂಟು. ವಯಸ್ಸು, ಜಿಲ್ಲೆ, ಪ್ರಯಾಣದ ವಿವರ ಉಂಟು. ಅಷ್ಟು ಒಣ ಗದ್ಯವನ್ನು ಧಾರಾವಾಹಿ ಕಾದಂಬರಿಯನ್ನು ಕಾಯುವ ಹಾಗೆ ಕಾದು ಓದಿದ ಕಾಲ ಅದು. ಹೆಸರಿಲ್ಲದ ಕಡೆ ನಾವು ಹೆಸರನ್ನು ಊಹಿಸಿಕೊಂಡೆವು. ಸಂಪರ್ಕ ಎಂದಿದ್ದ ಕಡೆ ಅಪರಾಧ ಎಂದು ಓದಿಕೊಂಡೆವು. ವಿದೇಶದಿಂದ ಬಂದವರ ಕೈಯ ಮೇಲೆ ಮುದ್ರೆ ಬಿತ್ತು. ಕಾವಲಿಗಾಗಿ ಒತ್ತಿದ ಮುದ್ರೆ ನೋಡುವವರ ಕಣ್ಣಿಗೆ ಕಳಂಕವಾಗಿ ಕಂಡಿತು. ಬರೆದವರ ಉದ್ದೇಶ ದಾರಿಯನ್ನು ತಿಳಿಸುವುದು. ಓದಿದವರು ಹುಡುಕಿದ್ದು ಆಳನ್ನು.

ಈ ದೃಷ್ಟಿಯಿಂದ ಮೂರು ಕೃತಿಗಳನ್ನು ಇಲ್ಲಿ ಎದುರಿಗಿಟ್ಟುಕೊಳ್ಳುತ್ತೇನೆ. ಒಂದು, ಮುನ್ನೂರು ವರ್ಷಗಳ ಹಿಂದಿನ ಇಂಗ್ಲಿಷ್ ಗ್ರಂಥ. ಇನ್ನೊಂದು, ನಮ್ಮದೇ ಪ್ರಸಿದ್ಧ ಕಾದಂಬರಿ. ಮೂರನೆಯದು, 2019ರಲ್ಲಿ ಬಂದ ಮಲಯಾಳ ಚಿತ್ರ 'ವೈರಸ್'. ನನ್ನ ಮುಖ್ಯ ವಿಷಯ ಈ ಕೊನೆಯದು. ಮೊದಲಿನ ಎರಡರಲ್ಲಿ ಬರುವ ಪ್ಲೇಗು ವೈರಾಣುವಿನ ರೋಗವಲ್ಲ, ಬ್ಯಾಕ್ಟೀರಿಯಾದ ರೋಗ ಎಂಬುದನ್ನು ಬಲ್ಲೆ. ಆದರೆ ಅಂಜಿದ ಊರು ಕೇಳುವ ಪ್ರಶ್ನೆ ಎರಡು ಕಡೆಯೂ ಒಂದೇ.

ಡೇನಿಯಲ್ ಡಿಫೋ 1722ರಲ್ಲಿ 'ಪ್ಲೇಗಿನ ವರ್ಷದ ದಿನಚರಿ' ಎಂಬರ್ಥದ ಹೆಸರಿನಿಂದ ಒಂದು ಪುಸ್ತಕ ಪ್ರಕಟಿಸಿದ. ಅದು 1665ರ ಲಂಡನ್ ಮಹಾಮಾರಿಯ ಕಥೆ. ಆ ವರ್ಷ ಡಿಫೋ ಇನ್ನೂ ಐದು ವರ್ಷದ ಆಸುಪಾಸಿನ ಹುಡುಗ. ಆದರೂ ಕುದುರೆಯ ಜೀನುಗಳ ವ್ಯಾಪಾರಿಯೊಬ್ಬ ತಾನೇ ಕಂಡು ಬರೆದಂತೆ ಪುಸ್ತಕ ಸಾಗುತ್ತದೆ. 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ ಪಟ್ಟಣಕ್ಕೆ ಪ್ಲೇಗು ಬಂದು, ಅದು ಕಡಲು ದಾಟೀತೆಂಬ ಭಯ ಇಂಗ್ಲೆಂಡಿನಲ್ಲಿ ಹಬ್ಬಿದ್ದ ಹೊತ್ತಿನಲ್ಲಿ ಈ ಪುಸ್ತಕ ಹುಟ್ಟಿತು. ಎಂದರೆ ಇದು ಹಳೆಯ ರೋಗದ ಕಥೆ ಮಾತ್ರವಲ್ಲ, ಹೊಸ ಭಯಕ್ಕೆ ಬರೆದ ಉತ್ತರ.

ಪುಸ್ತಕ ಆರಂಭವಾಗುವುದೇ ಗಾಳಿಮಾತಿನಿಂದ. ಹಾಲೆಂಡಿಗೆ ಪ್ಲೇಗು ಮತ್ತೆ ಬಂದಿದೆಯಂತೆ. ಅಲ್ಲಿಗೆ ಅದು ಇಟಲಿಯಿಂದ ಬಂತೆಂದು ಕೆಲವರು, ಪೂರ್ವದೇಶಗಳಿಂದ ಬಂತೆಂದು ಕೆಲವರು. ಕಥೆ ಹೇಳುವವನು ಈ ಚರ್ಚೆಯನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ. ಯಾವ ದೇಶದ್ದು ಎಂಬುದು ಅವನಿಗೆ ಮುಖ್ಯವಲ್ಲ. ಬೀದಿಯಿಂದ ಬೀದಿಗೆ, ಮನೆಯಿಂದ ಮನೆಗೆ ಅದು ಹೇಗೆ ದಾಟುತ್ತದೆ ಎಂಬುದೇ ಅವನ ಕುತೂಹಲ. ವಾರ ವಾರದ ಮರಣಪಟ್ಟಿಯನ್ನು ಅವನು ಲೆಕ್ಕಿಗನಂತೆ ಓದುತ್ತಾನೆ. ಮನೆಯವರು ನಾಚಿಕೆಗೂ ಭಯಕ್ಕೂ ಸಾವಿನ ಕಾರಣವನ್ನು ಮುಚ್ಚಿಡುತ್ತಿದ್ದುದನ್ನು ಆ ಪಟ್ಟಿಯ ಅಂಕಿಗಳಲ್ಲಿಯೇ ಪತ್ತೆಮಾಡುತ್ತಾನೆ. ರೋಗಿ ಇರುವ ಮನೆಗೆ ಬೀಗ ಜಡಿದು ಕಾವಲಿಡುವ ಪದ್ಧತಿಯನ್ನು ಅವನು ಒಪ್ಪುವುದಿಲ್ಲ. ಕಾವಲುಗಾರನನ್ನು ವಂಚಿಸಿ ಜನ ಓಡುತ್ತಾರೆ. ಮೇಲಾಗಿ, ನೋಡಲು ಗಟ್ಟಿಮುಟ್ಟಾಗಿರುವವರೇ ತಮಗೂ ತಿಳಿಯದೆ ರೋಗವನ್ನು ಹೊತ್ತು ತಿರುಗುತ್ತಿರುವಾಗ ಮಲಗಿದವರ ಮನೆಗೆ ಬೀಗ ಹಾಕಿ ಫಲವೇನು, ಎಂದು ಅವನ ವಾದ. ಸೂಕ್ಷ್ಮದರ್ಶಕದಲ್ಲಿ ಯಾವ ರೋಗಾಣುವನ್ನೂ ಯಾರೂ ಗುರುತಿಸಿರದ ಕಾಲದಲ್ಲಿ ಬರೆದ ಮಾತು ಇದೆಂದರೆ ಆಶ್ಚರ್ಯವಾಗುತ್ತದೆ.

ನಮ್ಮ ವಿಷಯಕ್ಕೆ ಅತಿ ಹತ್ತಿರದ ಸಂಗತಿ ಇನ್ನೊಂದಿದೆ. ರೋಗ ತಗುಲಿದವರಿಗೆ ಅದನ್ನು ಇತರರಿಗೂ ಅಂಟಿಸಬೇಕೆಂಬ ದುರ್ಬುದ್ಧಿ ಹುಟ್ಟುತ್ತದೆ ಎಂಬ ನಂಬಿಕೆ ಆಗ ಹರಡಿತ್ತಂತೆ. ಪಂಡಿತರು ಅದಕ್ಕೆ ಕಾರಣಗಳನ್ನೂ ಹುಡುಕುತ್ತಿದ್ದರಂತೆ. ಕಥೆ ಹೇಳುವವನು ಇದನ್ನು ನಂಬುವುದಿಲ್ಲ. ಲಂಡನ್ ಬಿಟ್ಟು ಓಡಿಬಂದವರನ್ನು ಸುತ್ತಲಿನ ಹಳ್ಳಿಗಳವರು ಅಟ್ಟಿದರಲ್ಲ, ಆ ಕ್ರೌರ್ಯಕ್ಕೆ ಸಮರ್ಥನೆ ಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ ಕಥೆ ಇದು ಎಂದು ಅವನ ಅಭಿಪ್ರಾಯ. ನಾವು ತಳ್ಳಿದವನು ದುಷ್ಟನೆಂದಾದರೆ ತಳ್ಳಿದ ಕೈಗೆ ಪಾಪವಿಲ್ಲ! ಆಳನ್ನು ಹುಡುಕುವ ಪ್ರಶ್ನೆಯ ಬೇರು ಎಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರು ವಿರಳ. ಡಿಫೋನ ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಅದರಲ್ಲಿ ಊರು ಇದೆ, ಮನುಷ್ಯರು ಕಡಮೆ. ನೂರಾರು ಜನ ಬಂದು ಹೋಗುತ್ತಾರೆ. ಒಬ್ಬನೂ ಮನಸ್ಸಿನಲ್ಲಿ ಕೂರುವುದಿಲ್ಲ. ದಾರಿ ಸ್ಪಷ್ಟವಾಗಿದೆ, ದಾರಿಯಲ್ಲಿ ನಡೆದವರ ಮುಖ ಮಸುಕು.

ಮುಖಗಳು ಬೇಕಾದವರು ಅನಂತಮೂರ್ತಿಯವರ 'ಸಂಸ್ಕಾರ'ಕ್ಕೆ ಬರಬೇಕು. 1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾವು ಧರ್ಮಸಂಕಟದ ಕಥೆಯಾಗಿ ಓದುವುದು ವಾಡಿಕೆ. ಅದು ಸರಿಯಾದ ಓದೇ. ಆದರೆ ಅದು ಒಂದು ಸಾಂಕ್ರಾಮಿಕದ ಕಥೆಯೂ ಹೌದು. ಶಿವಮೊಗ್ಗೆಗೆ ಹೋಗಿದ್ದ ನಾರಣಪ್ಪ ಜ್ವರ ಹತ್ತಿ ಬಂದು, ಗಂಟು ಕಾಣಿಸಿಕೊಂಡು ಸಾಯುತ್ತಾನೆ. ದೂರ್ವಾಸಪುರದ ಅಗ್ರಹಾರದಲ್ಲಿ ಇಲಿಗಳು ಸಾಯುತ್ತವೆ; ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಜಾಗಟೆಗಳ ಸದ್ದು ಮಾಡಿ ಅವನ್ನು ಓಡಿಸುತ್ತಾರೆ. ಇಲಿ ಸತ್ತದ್ದನ್ನು ಕಂಡ ಕೂಡಲೆ ಓದುಗನಿಗೆ ಎಲ್ಲ ತಿಳಿಯುತ್ತದೆ. ಅಗ್ರಹಾರಕ್ಕೆ ಮಾತ್ರ ಏನೂ ತಿಳಿಯುವುದಿಲ್ಲ. ಏಕೆಂದರೆ ಅವರ ಕೈಯಲ್ಲಿ ಮೊದಲೇ ಒಂದು ಉತ್ತರವಿದೆ: ನಾರಣಪ್ಪ. ಕುಡಿದವನು, ಮಾಂಸ ತಿಂದವನು, ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಅವನ ಹೆಣ ಸಂಸ್ಕಾರವಿಲ್ಲದೆ ಬಿದ್ದಿರುವುದರಿಂದಲೇ ಈ ಅನಿಷ್ಟ. ಯಾರು ಎಂಬುದಕ್ಕೆ ಉತ್ತರ ಸಿಕ್ಕಿಬಿಟ್ಟ ಊರಿನಲ್ಲಿ ಹೇಗೆ ಎಂದು ಕೇಳುವವರು ಉಳಿಯುವುದಿಲ್ಲ. ಕಾದಂಬರಿಯ ವ್ಯಂಗ್ಯವೆಲ್ಲ ಈ ಒಂದು ಅಂತರದಲ್ಲಿ ಅಡಗಿದೆ.

ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ರೋಗ ಶಿವಮೊಗ್ಗೆಯಿಂದ ಬಂದದ್ದು ನಾರಣಪ್ಪನ ಜೊತೆಗೇ ಎಂದು ಕಥೆಯ ಓಟದಿಂದ ನಾವು ಊಹಿಸಬಹುದು. ಹಾಗಿದ್ದರೆ ತಂದವನು ಅವನೇ ಎಂದು ಅಗ್ರಹಾರ ಹೇಳುವುದರಲ್ಲಿ ತಪ್ಪೇನು? ತಪ್ಪು ಇಷ್ಟೆ: ಅವನು ಅದನ್ನು ತಂದದ್ದು ಪ್ರಯಾಣಿಕನಾಗಿ, ಅವರು ಅವನನ್ನು ದೂರುವುದು ಪಾಪಿಯೆಂದು. ದೇಹ ನಡೆದ ದಾರಿಯನ್ನು ನಡತೆಯ ದಾರಿಯೊಡನೆ ಬೆರಸಿಬಿಟ್ಟರು. ಕೊನೆಗೆ ಆ ಹೆಣಕ್ಕೆ ಗತಿ ಕಾಣಿಸಿದವರು ಚಂದ್ರಿ ಮತ್ತು ಗಾಡಿ ತಂದು ನೆರವಾದ ಅಹಮದ್ ಬ್ಯಾರಿ. ಶಾಸ್ತ್ರದ ಪುಟ ತಿರುವುತ್ತಿದ್ದವರಿಂದ ಆಗದ ಕೆಲಸ, ಊರ ಆರೋಗ್ಯಕ್ಕೂ ಬೇಕಾಗಿದ್ದ ಕೆಲಸ, ಅವರಿಬ್ಬರ ಕೈಯಿಂದ ರಾತ್ರಿಯಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಕಲ್ಲಿಕೋಟೆಗೆ ಹೋಗೋಣ. ಅಲ್ಲಿಯೂ ಹೆಣಕ್ಕೆ ಹೆದರಿದ ಜನ ಇದ್ದರು. ಹೆದರದೆ ಮುಂದೆ ಬಂದವರೂ ಇದ್ದರು.

ಚಿತ್ರದ ವಿಚಾರಕ್ಕೆ ಮೊದಲು ಅದರ ಹಿಂದಿನ ವಾಸ್ತವವನ್ನು ಸ್ವಲ್ಪ ತಿಳಿದಿರಬೇಕು. ನಿಪಾ ಎಂಬ ವೈರಾಣು ಮೊದಲು ಗೊತ್ತಾದದ್ದು ಮಲೇಷಿಯಾದಲ್ಲಿ, 1998-99ರಲ್ಲಿ. ಹಂದಿ ಸಾಕುವವರಲ್ಲಿ ಮಿದುಳು ಜ್ವರ ಕಾಣಿಸಿಕೊಂಡಿತು. ಸೊಳ್ಳೆಯಿಂದ ಹರಡುವ ಜಪಾನಿ ಮಿದುಳು ಜ್ವರವೇ ಇದೆಂದು ತಿಳಿದು ಸೊಳ್ಳೆಗಳಿಗೆ ಹೊಗೆ ಹಾಕಿದರು, ಜನರಿಗೆ ಆ ರೋಗದ ಲಸಿಕೆ ಚುಚ್ಚಿದರು. ಲಸಿಕೆ ಹಾಕಿಸಿಕೊಂಡವರೂ ಸತ್ತರು. ಸಾಯುತ್ತಿದ್ದವರು ಮಕ್ಕಳಲ್ಲ, ಹಂದಿಗಳ ನಡುವೆ ದುಡಿಯುವ ವಯಸ್ಕರು ಎಂಬುದು ಕಣ್ಣಿಗೆ ಬಿದ್ದ ಮೇಲೆ ಅನುಮಾನ ಹುಟ್ಟಿತು. 1999ರಲ್ಲಿ ಹೊಸ ವೈರಾಣು ಪತ್ತೆಯಾಯಿತು. ಸುಂಗೈ ನಿಪಾ ಎಂಬ ಹಳ್ಳಿಯ ಹೆಸರು ಅದಕ್ಕೆ ಬಂತು. ಅಷ್ಟರಲ್ಲಿ ಆ ದೇಶದಲ್ಲಿ ನೂರಕ್ಕಿಂತ ಹೆಚ್ಚು ಮಂದಿ ತೀರಿಹೋಗಿದ್ದರು. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಬೇಕಾಯಿತು. ಮೂಲ ಹಂದಿಯೂ ಅಲ್ಲ, ಹಣ್ಣು ತಿನ್ನುವ ದೊಡ್ಡ ಬಾವಲಿ. ಹಂದಿಯ ದೊಡ್ಡಿಗಳ ಪಕ್ಕದಲ್ಲಿಯೇ ಹಣ್ಣಿನ ಮರಗಳಿದ್ದುವು. ದಾರಿಯನ್ನು ತಪ್ಪಾಗಿ ಓದಿದರೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಇದು ನಿದರ್ಶನ.

ಬಾಂಗ್ಲಾದೇಶದಲ್ಲಿ ಅದೇ ವೈರಾಣು ಬೇರೆ ದಾರಿ ಹಿಡಿಯಿತು: ಬಾವಲಿ ಬಾಯಿಟ್ಟ ಖರ್ಜೂರದ ಮರದ ಹಸಿ ರಸವನ್ನು ಕುಡಿದವರಿಗೆ ಬಂತು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಜನಕ್ಕೆ ತಗುಲಿ 45 ಜನ ಸತ್ತರು; ಅದು ನಿಪಾ ಎಂದು ತಿಳಿದದ್ದು ವರ್ಷಗಳು ಕಳೆದ ಮೇಲೆ. ಅಲ್ಲಿ ಅದು ಹಬ್ಬಿದ್ದು ಬಹುಮಟ್ಟಿಗೆ ಆಸ್ಪತ್ರೆಗಳಲ್ಲಿ. ಉಪಚಾರ ಮಾಡಿದವರಿಗೂ ನೋಡಲು ಬಂದವರಿಗೂ.

2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರದ ಸಮೀಪ ಒಂದು ಮನೆಯಲ್ಲಿ ತರುಣನೊಬ್ಬ ಜ್ವರದಿಂದ ಸತ್ತ. ಕೆಲವೇ ದಿನಗಳಲ್ಲಿ ಅವನ ಅಣ್ಣನೂ ಹಾಸಿಗೆ ಹಿಡಿದ. ಒಂದೇ ಮನೆಯಲ್ಲಿ ಎರಡು ಸಲ ಮಿದುಳು ಜ್ವರ ಬಂದುದನ್ನು ಕಂಡ ವೈದ್ಯರು ಸುಮ್ಮನಿರದೆ ರೋಗಿಯ ರಕ್ತ ಮುಂತಾದುವನ್ನು ನಮ್ಮ ಮಣಿಪಾಲದ ವೈರಾಣು ಸಂಶೋಧನ ಕೇಂದ್ರಕ್ಕೆ ಕಳುಹಿಸಿದರು. ನಿಪಾ ಎಂದು ಮೊದಲು ಕಂಡದ್ದು ಅಲ್ಲಿ. ಪುಣೆಯ ರಾಷ್ಟ್ರೀಯ ಸಂಸ್ಥೆ ಅದನ್ನು ದೃಢಪಡಿಸಿತು. ಪ್ರಯೋಗಶಾಲೆಯಲ್ಲಿ ದೃಢಪಟ್ಟವರು 18 ಮಂದಿ. ಅವರಲ್ಲಿ ಉಳಿದವರು ಇಬ್ಬರು ಮಾತ್ರ. ಮೊದಲ ರೋಗಿಯನ್ನು ನೋಡಿಕೊಂಡ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಸತ್ತವರಲ್ಲಿ ಒಬ್ಬರು. ಎರಡು ಸಾವಿರಕ್ಕೂ ಮೇಲ್ಪಟ್ಟ ಜನರನ್ನು, ಅವರು ರೋಗಿಗಳ ಸಮೀಪ ಇದ್ದರೆಂಬ ಕಾರಣಕ್ಕೆ, ದಿನವೂ ವಿಚಾರಿಸಿಕೊಳ್ಳಬೇಕಾಯಿತು.

ಭಯಕ್ಕೆ ಅಷ್ಟೊಂದು ಸಾಕಾಗದೆ ಹೋಯಿತೆ? ಆ ಮನೆಯ ಬಾವಿಯಲ್ಲಿ ಬಾವಲಿಗಳು ಸಿಕ್ಕಿದುವೆಂದು ಸುದ್ದಿ ಬಂತು. ಕಥೆ ಪೂರ್ಣವಾಯಿತೆಂದು ಜನ ತಿಳಿದರು. ಪರೀಕ್ಷಿಸಿ ನೋಡಿದರೆ ಅವು ಕೀಟ ತಿನ್ನುವ ಜಾತಿಯವು. ಅವುಗಳಲ್ಲಿ ವೈರಾಣು ಇರಲಿಲ್ಲ. ಆ ಸೀಮೆಯ ಹಣ್ಣು ತಿನ್ನುವ ಬಾವಲಿಗಳಲ್ಲಿ ಅದು ಕಂಡದ್ದು ಆಮೇಲೆ. ಅಷ್ಟರೊಳಗೆ ಜನ ಹಣ್ಣು ತಿನ್ನುವುದನ್ನು ಬಿಟ್ಟಿದ್ದರು. ಕೊಲ್ಲಿಯ ಕೆಲವು ದೇಶಗಳು ಕೇರಳದ ಹಣ್ಣು ತರಕಾರಿಗಳನ್ನು ತಡೆದಿದ್ದುವು. ದಾದಿಯರು ಹತ್ತಿದ ವಾಹನದಿಂದ ಜನ ಇಳಿದುಹೋದರು. ಹೆಣ ಸುಡಲು ಕೆಲವರು ಒಪ್ಪಲಿಲ್ಲ. ದೂರ್ವಾಸಪುರ ಕಾಗದದ ಮೇಲಿನ ಊರಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈ ಘಟನೆಯ ಮೇಲೆ ಆಶಿಖ್ ಅಬು ನಿರ್ದೇಶಿಸಿದ ಚಿತ್ರ 'ವೈರಸ್'. ಬರೆದವರು ಮುಹ್ಸಿನ್ ಪರಾರಿ, ಷರ್ಫು ಮತ್ತು ಸುಹಾಸ್. ಸುಮಾರು ಒಂದು ವರ್ಷ ಕಳೆಯುವಷ್ಟರಲ್ಲಿ, ಗಾಯ ಇನ್ನೂ ಹಸಿಯಾಗಿದ್ದಾಗಲೇ, ಅದು ತೆರೆಯ ಮೇಲೆ ಬಂತು. ಆತುರದ ಕೆಲಸವಾಗಬಹುದಾಗಿದ್ದ ಕೃತಿ ಹಾಗಾಗಲಿಲ್ಲ. ಅದರ ರಚನೆ ನೇರವಾದುದಲ್ಲ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಒಬ್ಬ ನಾಯಕನಿಲ್ಲ. ಜಿಲ್ಲಾಧಿಕಾರಿ, ಮಂತ್ರಿಣಿ, ವೈದ್ಯರು, ದಾದಿ, ಆಸ್ಪತ್ರೆಯ ಆಳುಗಳು, ರೋಗಿಗಳು, ಹೀಗೆ ಹಲವು ಜನ ತಲೆಗೆ ಸ್ವಲ್ಪ ಸ್ವಲ್ಪದಂತೆ ಕಥೆಯನ್ನು ಹೊರುತ್ತಾರೆ. ಇವರ ನಡುವೆ ಪಾರ್ವತಿ ಅಭಿನಯಿಸಿರುವ ಅನ್ನು ಎಂಬ ಯುವ ವೈದ್ಯೆಯ ಕೆಲಸವೇ ಚಿತ್ರದ ಬೆನ್ನೆಲುಬು. ಯಾರು ಯಾರನ್ನು, ಎಲ್ಲಿ, ಯಾವ ಗಳಿಗೆಯಲ್ಲಿ ಕಂಡರು ಎಂಬುದನ್ನು ಕೇಳಿ, ಬರೆದು, ಕೂಡಿಸಿ, ಕೊಂಡಿಗೆ ಕೊಂಡಿ ಹಾಕುವುದು ಆಕೆಯ ಕೆಲಸ.

ಇದು ಪತ್ತೇದಾರಿ ಕಥೆಯ ಹಂದರ ಎಂದು ಯಾರಾದರೂ ಗುರುತಿಸಬಲ್ಲರು. ಆದರೆ ಪತ್ತೇದಾರಿ ಕಥೆ ಮುಗಿಯುವುದು ಅಪರಾಧಿಯ ಕೈಗೆ ಕೋಳ ಬಿದ್ದಾಗ. ಇಲ್ಲಿ ಅದು ತಿರುವುಮುರುವು. ಮೊದಲ ರೋಗಿಯಾದ ಜಕರಿಯಾ ಎಂಬ ತರುಣ ಸತ್ತುಹೋಗಿದ್ದಾನೆ. ತನ್ನ ಪರವಾಗಿ ಮಾತನಾಡಲಾರ. ಅವನು ಎಲ್ಲಿಗೆ ಹೋಗಿದ್ದ, ಯಾರನ್ನು ಸೇರಿದ್ದ ಎಂಬ ಗುಸುಗುಸು ಎದ್ದಿದೆ. ಇದು ಬೇಕೆಂದೇ ಬಿಟ್ಟ ರೋಗವಿರಬಹುದೆ, ಆಯುಧವಿರಬಹುದೆ ಎಂಬ ಸಂಶಯ ಅಧಿಕಾರಿಗಳ ಸಭೆಯವರೆಗೆ ಬಂದಿದೆ. ಹೇಗೆ ಎಂಬ ಪ್ರಶ್ನೆ ಯಾರು ಎಂಬುದಕ್ಕೆ ಹೊರಳುವ ಗಳಿಗೆಯನ್ನು ಚಿತ್ರ ಇಲ್ಲಿ ಬಹು ಚೆನ್ನಾಗಿ ಹಿಡಿದಿದೆ. ಅನ್ನು ಕೊಂಡಿಗಳನ್ನು ಜೋಡಿಸುತ್ತ ಹೋದಂತೆ ಕೋಳ ಬಿಗಿಯುವುದಿಲ್ಲ, ಬಿಚ್ಚುತ್ತದೆ. ಅವಳ ಪತ್ತೇದಾರಿಯ ಫಲ ದಂಡನೆಯಲ್ಲ, ಬಿಡುಗಡೆ. ಸತ್ತವನಿಗೆ ಅವನ ಒಳ್ಳೆಯ ಹೆಸರು ಹಿಂತಿರುಗುತ್ತದೆ. ದಾರಿಯನ್ನು ನಿಷ್ಠೆಯಿಂದ ಹುಡುಕಿದರೆ ಆಳಿನ ಮೇಲಿನ ಆರೋಪ ತಾನೇ ಕಳಚಿಬೀಳುತ್ತದೆ ಎಂಬ ಈ ತಿಳಿವೇ ಚಿತ್ರದ ನಿಜವಾದ ಸಾಧನೆ.

ಆ ದಾರಿಯಾದರೂ ಎಂಥದು? ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮೊಗಸಾಲೆಯೊಂದರಲ್ಲಿ ಮೊದಲ ರೋಗಿ ಕೆಲಹೊತ್ತು ಇದ್ದ. ಅಲ್ಲಿ ಬೇರೆ ಬೇರೆ ಕೆಲಸಕ್ಕೆ ಬಂದಿದ್ದವರಲ್ಲಿ ಹಲವರಿಗೆ ರೋಗ ತಗುಲಿತು. ಇದು ವಾಸ್ತವದಲ್ಲಿ ನಡೆದ ಸಂಗತಿ. ಅಲ್ಲಿದ್ದವರು ಯಾರು? ಹಾಸಿಗೆ ಹಿಡಿದ ಹೆಂಡತಿಯನ್ನೋ ತಂದೆಯನ್ನೋ ನೋಡಿಕೊಳ್ಳಲು ಬಂದವರು. ಕೆಮ್ಮುವವನ ಬೆನ್ನು ಸವರಿದವರು. ತಳ್ಳುಗಾಡಿಗೆ ಕೈ ಕೊಟ್ಟವರು. ನಿಪಾ ಗಾಳಿಯಲ್ಲಿ ಊರೂರು ಹಾರುವ ರೋಗವಲ್ಲ. ಅದು ಮನುಷ್ಯನಿಂದ ಮನುಷ್ಯನಿಗೆ ದಾಟಬೇಕಾದರೆ ಹತ್ತಿರ ಬರಬೇಕು. ಕಾಯಿಲೆಯವನ ಹತ್ತಿರ ಬರುವವರು ಅವನ ಮೇಲೆ ಮಮತೆ ಇರುವವರು, ಇಲ್ಲವೆ ಅವನ ಸೇವೆಯನ್ನು ಕರ್ತವ್ಯವಾಗಿ ಹೊತ್ತವರು. ರೋಗದ ನಕ್ಷೆ ಬರೆಯಲು ಹೊರಟವರು ತಮಗೆ ತಿಳಿಯದೆ ಒಂದು ಊರಿನ ಅಂತಃಕರಣದ ನಕ್ಷೆಯನ್ನು ಬರೆದಂತಾಯಿತು. ಯಾರ ಮನೆಗೂ ಹೋಗದವನು, ಯಾರ ಹಾಸಿಗೆಯ ಬಳಿಯೂ ಕೂರದವನು ಆ ಪಟ್ಟಿಯಲ್ಲಿ ಬರಲಾರ. ಅದನ್ನು ಅಪರಾಧಿಗಳ ಪಟ್ಟಿಯೆಂದು ಓದುವುದು ಎಷ್ಟು ದೊಡ್ಡ ಅನ್ಯಾಯ! ರೀಮಾ ಕಲ್ಲಿಂಗಲ್ ಅಭಿನಯಿಸಿರುವ ದಾದಿಯ ಪಾತ್ರ ಈ ಮಾತನ್ನು ಸದ್ದುಗದ್ದಲವಿಲ್ಲದೆ ಹೇಳುತ್ತದೆ. ಜೋಜು ಜಾರ್ಜ್ ಅಭಿನಯದ ತಾತ್ಕಾಲಿಕ ನೌಕರನ ಪಾತ್ರವಂತೂ ನನಗೆ ಇನ್ನೂ ಮೆಚ್ಚಿಗೆಯಾಯಿತು. ಕಾಯಂ ಆಗದ ಕೆಲಸದಲ್ಲಿದ್ದು ಎಲ್ಲರಿಗಿಂತ ಹತ್ತಿರದ ಅಪಾಯವನ್ನು ಹೊರುವವನ ಸಂಕಟ ಅಲ್ಲಿದೆ.

ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಪ್ರಸಿದ್ಧ ನಟನಟಿಯರ ಸಂದಣಿ. ಒಂದೊಂದು ಬಾಗಿಲು ತೆರೆದಾಗಲೂ ಪರಿಚಿತ ತಾರೆಯೊಬ್ಬರು ಕಾಣಿಸಿಕೊಂಡರೆ ಆಸ್ಪತ್ರೆಯ ವಾತಾವರಣ ಚದುರಿ, ಪ್ರೇಕ್ಷಕನ ಗಮನ ಪಾತ್ರವನ್ನು ಬಿಟ್ಟು ನಟನ ಮೇಲೆ ಹೋಗುತ್ತದೆ. ಎರಡನೆಯದು, ಆಡಳಿತದ ಚಿತ್ರ ಬೇಕಾದುದಕ್ಕಿಂತ ನುಣುಪು. ಕೇರಳದ ಅಧಿಕಾರಿಗಳು, ಆಗಿನ ಆರೋಗ್ಯ ಸಚಿವೆ ಕೆ. ಕೆ. ಶೈಲಜಾ ಅವರೂ ಸೇರಿದಂತೆ, ಆ ದಿನಗಳಲ್ಲಿ ಚೆನ್ನಾಗಿ ಕೆಲಸ ಮಾಡಿದರೆಂಬುದನ್ನು ಲೋಕವೇ ಒಪ್ಪಿದೆ. ಆದರೆ ಕಲೆ ಅಭಿನಂದನಾ ಪತ್ರವಲ್ಲ. ಆಸ್ಪತ್ರೆಯ ಮೊಗಸಾಲೆ ಅಷ್ಟು ಕಿಕ್ಕಿರಿದು ಇದ್ದುದೇಕೆ, ಎಚ್ಚರಿಕೆಯ ಉಡುಪು ದಾದಿಗೆ ಸಕಾಲದಲ್ಲಿ ಇಲ್ಲದೆ ಹೋದದ್ದೇಕೆ ಎಂಬ ಪ್ರಶ್ನೆಗಳನ್ನು ಚಿತ್ರ ಮುಟ್ಟಿಯೂ ಮುಟ್ಟದಂತೆ ದಾಟಿಹೋಗುತ್ತದೆ. ರೋಗದ ದಾರಿಯಲ್ಲಿ ಅವೂ ಮೈಲಿಗಲ್ಲುಗಳೇ ಅಲ್ಲವೆ?

ಮೂರನೆಯದು ಹೆಚ್ಚು ಚರ್ಚೆಗೆ ಯೋಗ್ಯವಾದುದು. ಚಿತ್ರದ ಕೊನೆಯಲ್ಲಿ ಆ ತರುಣ ಬಾವಲಿಯ ಮರಿಯೊಂದನ್ನು ಕೈಗೆತ್ತಿಕೊಳ್ಳುವುದನ್ನು ತೋರಿಸುತ್ತಾರೆ. ಸರಪಳಿಯ ಮೊದಲ ಕೊಂಡಿ ಸಿಕ್ಕಿತು, ಕಥೆ ಮುಗಿಯಿತು. ಆದರೆ ನಡೆದ ಘಟನೆಯಲ್ಲಿ ಈ ಕೊಂಡಿ ಸಿಗಲೇ ಇಲ್ಲ; ಮೊದಲ ರೋಗಿಗೆ ವೈರಾಣು ನಿಖರವಾಗಿ ಹೇಗೆ ತಗುಲಿತೆಂಬುದು ಪ್ರಮಾಣಸಿದ್ಧವಾಗಲಿಲ್ಲ. ವಿಜ್ಞಾನ ತೆರೆದಿಟ್ಟ ಬಾಗಿಲನ್ನು ಕಲೆ ಮುಚ್ಚಬಹುದೆ?

ಇಲ್ಲಿ ಒಂದು ಹೋಲಿಕೆ ಸಹಾಯಕ್ಕೆ ಬರುತ್ತದೆ. 2011ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶಿಸಿದ 'ಕಂಟೇಜನ್' ಎಂಬ ಅಮೆರಿಕದ ಚಿತ್ರ ಉಂಟು. ಅದರ ಕಲ್ಪಿತ ವೈರಾಣುವಿಗೂ ನಿಪಾವೇ ಮಾದರಿ. ಆ ಚಿತ್ರವೂ ಮೊದಲ ಕೊಂಡಿಯನ್ನು ಕೊನೆಯಲ್ಲಿ ತೋರಿಸುತ್ತದೆ: ಯಂತ್ರ ಮರವನ್ನು ಉರುಳಿಸುತ್ತದೆ, ಬಾವಲಿ ಹಾರುತ್ತದೆ, ಅದು ಬೀಳಿಸಿದ ಹಣ್ಣಿನ ಚೂರನ್ನು ಹಂದಿ ತಿನ್ನುತ್ತದೆ, ಹಂದಿ ಅಡುಗೆಯವನ ಕೈಗೆ, ಅಡುಗೆಯವನ ಕೈ ಅತಿಥಿಯ ಕೈಗೆ. ಬಹಳ ಜಾಣ್ಮೆಯ ಕೊನೆ. ಆದರೆ ಅದಕ್ಕೆ ಮೊದಲೇ, ರೋಗ ತಂದ ಹೆಂಗಸು ಗಂಡನಿಗೆ ವಂಚನೆ ಮಾಡುತ್ತಿದ್ದಳೆಂದು ಆ ಚಿತ್ರ ನಮಗೆ ತಿಳಿಸಿಬಿಟ್ಟಿರುತ್ತದೆ. ರೋಗದ ದಾರಿಗೂ ಆ ವಂಚನೆಗೂ ಏನು ಸಂಬಂಧ? ನಾರಣಪ್ಪನ ಕುಡಿತಕ್ಕೂ ಪ್ಲೇಗಿಗೂ ಇದ್ದಷ್ಟೇ. ಅನಂತಮೂರ್ತಿಯವರು ಯಾವುದನ್ನು ಅಗ್ರಹಾರದ ಅಜ್ಞಾನವೆಂದು ತೋರಿಸಿದರೋ ಅದನ್ನು ಇಲ್ಲಿ ಚಿತ್ರವೇ ತನ್ನ ಮಾತಾಗಿ ಆಡಿದಂತಿದೆ. ಕಥೆಗೆ ರುಚಿ ಬಂದಿರಬಹುದು, ನ್ಯಾಯ ತಪ್ಪಿತು.

'ವೈರಸ್' ಚಿತ್ರದ ಕೊನೆ ಇದಕ್ಕಿಂತ ಮೇಲು. ಬಾವಲಿಯ ಮರಿಯನ್ನು ಎತ್ತಿಕೊಳ್ಳುವ ಕೈಯಲ್ಲಿ ದುರಾಸೆಯಿಲ್ಲ, ದುರ್ನಡತೆಯಿಲ್ಲ. ಅಲ್ಲಿರುವುದು ಕುತೂಹಲ, ಕರುಣೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ರೋಗ ಯಾವ ದಾರಿಯಲ್ಲಿ ನಡೆಯಿತೋ ಕಾಡಿನಲ್ಲಿಯೂ ಅದೇ ದಾರಿಯಲ್ಲಿ ಹೊರಟಿತು ಎಂಬ ಧ್ವನಿ ಅದಕ್ಕಿದೆ. ವರದಿಯಾಗಿ ಅದು ಒಪ್ಪತಕ್ಕದ್ದಲ್ಲ, ಕಾವ್ಯವಾಗಿ ಒಪ್ಪಬಹುದು. ಆದರೂ ನನ್ನ ಮನಸ್ಸು ಪೂರ್ತಿ ಸಮಾಧಾನ ಹೊಂದುವುದಿಲ್ಲ. ಮೊದಲ ಕೊಂಡಿ ತಿಳಿಯದೆಯೂ ಒಬ್ಬನನ್ನು ನಿರಪರಾಧಿ ಎಂದು ನಂಬಲು ಪ್ರೇಕ್ಷಕರಿಗೆ ಸಾಧ್ಯವಿಲ್ಲವೆಂದು ಚಿತ್ರಕರ್ತರು ಭಾವಿಸಿದರೆ? ಆ ಧೈರ್ಯವನ್ನು ಅವರು ತೋರಿದ್ದರೆ ಕೃತಿ ಇನ್ನೂ ಒಂದು ಮೆಟ್ಟಿಲು ಏರುತ್ತಿತ್ತು.

ಒಂದು ಮಾತು ಹೆಸರುಗಳ ವಿಚಾರದಲ್ಲಿಯೂ ಹೇಳಬೇಕು. ಎಲ್ಲಕ್ಕಿಂತ ಚಿಕ್ಕ ಕಥೆಯೆಂದರೆ ಹೆಸರು. 1918ರ ಮಹಾ ಇನ್‌ಫ್ಲುಯೆಂಜಾ ಸ್ಪೇನಿನದಲ್ಲ. ಯುದ್ಧದಲ್ಲಿ ಸೇರದ ಸ್ಪೇನಿನ ಪತ್ರಿಕೆಗಳು ಅದರ ಸುದ್ದಿಯನ್ನು ಮುಚ್ಚಿಡದೆ ಅಚ್ಚುಮಾಡಿದುವು, ಅಷ್ಟಕ್ಕೆ ರೋಗ ಆ ದೇಶದ ತಲೆಗೆ ಬಂತು. ಸತ್ಯ ಹೇಳಿದವನಿಗೇ ಅಪವಾದ! 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಿಂದೆಯೇ ಜನರಿಗೂ ಜ್ವರ ಬಂದಾಗ ಅದಕ್ಕೆ ಮಂಗನ ಕಾಯಿಲೆ ಎಂದೆವು. ಆ ವೈರಾಣುವನ್ನು ಹೊತ್ತು ತರುವುದು ಉಣ್ಣೆ. ಮಂಗ ನಮ್ಮಂತೆ ಅದಕ್ಕೆ ತುತ್ತಾದ ಪ್ರಾಣಿ, ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುವ ಪ್ರಾಣಿ. ಎಚ್ಚರಿಸಿದವನ ಹೆಸರೇ ರೋಗಕ್ಕೆ ಅಂಟಿತು. 1976ರಲ್ಲಿ ಆಫ್ರಿಕದಲ್ಲಿ ಹೊಸ ರೋಗ ಕಂಡಾಗ ವಿಜ್ಞಾನಿಗಳು ಹಳ್ಳಿಯ ಹೆಸರಿಟ್ಟು ಆ ಜನಕ್ಕೆ ಕಳಂಕ ಹಚ್ಚುವುದು ಬೇಡವೆಂದು ನದಿಯೊಂದರ ಹೆಸರಿಟ್ಟರು, ಅದೇ ಎಬೋಲಾ. ನದಿಗೆ ಮಾನನಷ್ಟವಿಲ್ಲವಷ್ಟೆ. ದೇಶ, ಪ್ರಾಣಿ, ಜನಾಂಗಗಳ ಹೆಸರನ್ನು ಹೊಸ ರೋಗಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಕೊಟ್ಟಿತು. ಕವಿಗಳಿಗೆ ಎಂದೋ ಗೊತ್ತಿದ್ದ ಸಂಗತಿ ಇದು: ಶಬ್ದ ಸುಮ್ಮನೆ ಕೂರುವುದಿಲ್ಲ, ಕೆಲಸ ಮಾಡುತ್ತದೆ.

ನಿಪಾ ಒಂದೇ ಸಲ ಬಂದು ಹೋದ ಅತಿಥಿಯಲ್ಲ. 2023ರಲ್ಲಿ ಮತ್ತೆ ಕಲ್ಲಿಕೋಟೆಯಲ್ಲಿಯೇ ಅದು ಕಾಣಿಸಿಕೊಂಡಿತು, ಮಲಪ್ಪುರದಲ್ಲಿ 2024ರಲ್ಲಿ. ಬಾವಲಿಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಮರಗಳಲ್ಲಿಯೂ ಅವು ತಲೆಕೆಳಗಾಗಿ ನಿದ್ರಿಸುತ್ತವೆ. ನಾಳೆ ನಮ್ಮ ಪತ್ರಿಕೆಗಳಲ್ಲಿ ಇಂಥದೇ ಒಂದು ಸುದ್ದಿ ಬಂದೀತು. ಆಗ ಸುದ್ದಿ ಬರೆಯುವವರಿಗೂ ಓದುವವರಿಗೂ ಈ ಮೂರು ಕೃತಿಗಳಿಂದ ಕಲಿಯತಕ್ಕದ್ದು ಉಂಟು. ಡಿಫೋನಿಂದ, ಗಾಳಿಮಾತನ್ನು ತೂಗಿ ನೋಡುವ ಲೆಕ್ಕಿಗನ ತಾಳ್ಮೆ. 'ಸಂಸ್ಕಾರ'ದಿಂದ, ಕಣ್ಣೆದುರಿಗೆ ಇಲಿ ಸಾಯುತ್ತಿರುವಾಗ ಪಾಪದ ಲೆಕ್ಕ ಹಾಕುತ್ತ ಕೂರಬಾರದೆಂಬ ಎಚ್ಚರ. 'ವೈರಸ್' ಚಿತ್ರದಿಂದ, ಕೊಂಡಿ ಹುಡುಕುವ ಕೆಲಸವನ್ನು ಕರುಣೆಯಿಂದಲೂ ಮಾಡಬಹುದೆಂಬ ಭರವಸೆ.

ರೋಗಿಗೆ ಅಪರಾಧಿಯ ಪಟ್ಟ ಕಟ್ಟಿದ ಊರಿನಲ್ಲಿ ಜ್ವರ ಬಂದವನು ಬಾಯಿ ಬಿಡುವುದಿಲ್ಲ. ತಾನು ಎಲ್ಲಿಗೆ ಹೋಗಿದ್ದೆ, ಯಾರ ಬಳಿ ಕುಳಿತಿದ್ದೆ ಎಂಬುದನ್ನು ಮುಚ್ಚಿಡುತ್ತಾನೆ. ಲಂಡನ್ನಿನ ಮನೆಗಳವರು ಮರಣಪಟ್ಟಿಯಲ್ಲಿ ಸುಳ್ಳು ಬರೆಸಿದ ಹಾಗೆ. ಆಗ ದಾರಿಯೂ ಸಿಗುವುದಿಲ್ಲ. ಯಾರು ಎಂಬ ಪ್ರಶ್ನೆಯನ್ನು ಬಿಡುವುದು ಕೇವಲ ಸೌಜನ್ಯದ ಮಾತಲ್ಲ. ಹೇಗೆ ಎಂಬುದಕ್ಕೆ ಉತ್ತರ ಬೇಕಾದವರು ಅದನ್ನು ಬಿಡಲೇಬೇಕು.